ಪ್ರೊಸೆಸರ್ ಆಮೇಲೆ ನೋಡೋಣ

ಮನೆಯ ಕಂಪ್ಯೂಟರ್‌ಗೆಂದು ಎತ್ತಿಟ್ಟ ದುಡ್ಡು ಯಾವ ಸರದಿಯಲ್ಲಿ ಖರ್ಚಾಗಬೇಕು ಎಂದು ಕೇಳಿದರೆ ನಾನು ಹೇಳುವುದು ಇಷ್ಟು: ಮೊದಲು ಕರೆಂಟು, ಆಮೇಲೆ ಡಿಸ್ಕು, ಅದಾದ ಮೇಲೆ ಬ್ಯಾಕಪ್, ಪ್ರೊಸೆಸರ್ ಕಟ್ಟಕಡೆಗೆ. ಅಂಗಡಿಯಲ್ಲಿ ಮಾತು ಶುರುವಾಗುವುದು ಇದರ ತಲೆಕೆಳಗಾಗಿ. ‘ಐ5 ಕೊಡ್ಲಾ, ಐ7 ಕೊಡ್ಲಾ ಸರ್’ ಎಂಬಲ್ಲಿಂದಲೇ ಲೆಕ್ಕ ಏರತೊಡಗುತ್ತದೆ. ಬ್ಯಾಂಕು, ಬೆಸ್ಕಾಂ ಬಿಲ್ಲು, ಮಕ್ಕಳ ಪ್ರಾಜೆಕ್ಟು, ಊರಿನವರ ಜೊತೆ ವಿಡಿಯೊ ಕಾಲು, ಕನ್ನಡದಲ್ಲಿ ನಾಲ್ಕು ಪುಟ ಟೈಪಿಂಗ್ ಇಷ್ಟೇ ಕೆಲಸ ಇರುವ ಮನೆಗೆ 2018ರ ಆಚೀಚೆ ಬಂದ ನಾಲ್ಕು ಕೋರ್‌ನ ಯಾವ ಪ್ರೊಸೆಸರ್ ಆದರೂ ಸಾಕು. ಯಂತ್ರ ಹೋದರೆ ಇನ್ನೊಂದು ತರಬಹುದು. ಅದರೊಳಗಿನ ಮಗುವಿನ ಮೊದಲ ವರ್ಷದ ಫೋಟೊ, ಸೈಟಿನ ಕ್ರಯಪತ್ರದ ಸ್ಕ್ಯಾನ್, ಅಪ್ಪ ‘ನುಡಿ’ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡಿಟ್ಟ ವಂಶಾವಳಿ ಹೋದರೆ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಕೆಳಗಿನ ಸಲಹೆಗಳೆಲ್ಲ ಈ ಎರಡನೆಯದನ್ನು ಉಳಿಸಿಕೊಳ್ಳುವ ದಿಕ್ಕಿನಲ್ಲೇ ಇವೆ.

ಏಪ್ರಿಲ್, ಮೇ ತಿಂಗಳ ಸಂಜೆಗಳಲ್ಲಿ ಬೆಂಗಳೂರಿನ ಮಳೆ ಬರುವ ರೀತಿ ಗೊತ್ತಲ್ಲ. ಗಾಳಿ ಎದ್ದ ತಕ್ಷಣ ಕರೆಂಟು ಹೋಗುತ್ತದೆ, ಬರುತ್ತದೆ, ಮತ್ತೆ ಹೋಗುತ್ತದೆ. ಒಂದೇ ಸಲ ಹೋಗಿ ಗಂಟೆಗಟ್ಟಲೆ ಬಾರದಿರುವುದಕ್ಕಿಂತ ಹೀಗೆ ಹೋಗಿ ಬಂದು ಮಾಡುವುದೇ ಯಂತ್ರಕ್ಕೆ ಕೆಟ್ಟದ್ದು. ಡಿಸ್ಕ್ ಏನನ್ನೋ ಬರೆಯುತ್ತಿರುವಾಗ ಕರೆಂಟು ಹೋದರೆ ಆ ಕಡತ ಅರ್ಧಕ್ಕೆ ನಿಲ್ಲುತ್ತದೆ. ಅಪ್‌ಡೇಟ್ ನಡೆಯುತ್ತಿದ್ದರೆ ವಿಂಡೋಸ್ ಏಳದೇ ಹೋಗಬಹುದು. ಡೆಸ್ಕ್‌ಟಾಪ್ ಇದ್ದವರು ಯುಪಿಎಸ್, ಅಂದರೆ ಕರೆಂಟು ಹೋದ ಕ್ಷಣ ಬ್ಯಾಟರಿಯಿಂದ ಯಂತ್ರ ನಡೆಸುವ ಡಬ್ಬಿ, ಇಲ್ಲದೆ ಇರಲೇಬಾರದು. 600 ವಿಎ ಎಂದು ಬರೆದಿರುವ ಸಾಮಾನ್ಯ ಯುಪಿಎಸ್ ಸುಮಾರು 360 ವ್ಯಾಟ್ ಹೊರುತ್ತದೆ. ಒಳಗೆ 12 ವೋಲ್ಟ್, 7 ಆಂಪಿಯರ್-ಅವರ್‌ನ ಒಂದು ಬ್ಯಾಟರಿ ಇರುತ್ತದೆ. ಗುಣಿಸಿದರೆ 84 ವ್ಯಾಟ್-ಅವರ್ ಆಯಿತು. ಲೆಡ್ ಬ್ಯಾಟರಿಯನ್ನು ನಿಮಿಷಗಳಲ್ಲಿ ಖಾಲಿ ಮಾಡಲು ಹೊರಟರೆ ಅದರ ಅರ್ಧದಷ್ಟೂ ಕೈಗೆ ಬರುವುದಿಲ್ಲ. ಹಾಗಾಗಿ ಮಾನಿಟರ್ ಸೇರಿ 100 ವ್ಯಾಟ್ ತಿನ್ನುವ ಡೆಸ್ಕ್‌ಟಾಪ್‌ಗೆ ಹೊಸ ಬ್ಯಾಟರಿಯಲ್ಲಿ ಹದಿನೈದು, ಇಪ್ಪತ್ತು ನಿಮಿಷ ಸಿಕ್ಕರೆ ಸರಿಯಾಗಿದೆ ಎಂದರ್ಥ. ಅದು ಕೆಲಸ ಮುಂದುವರಿಸಲು ಇರುವ ಸಮಯವಲ್ಲ, ಕಡತ ಉಳಿಸಿ ನೆಟ್ಟಗೆ ಶಟ್‌ಡೌನ್ ಮಾಡಲು ಇರುವ ಸಮಯ.

ಈ ಬ್ಯಾಟರಿ ಎರಡು, ಮೂರು ವರ್ಷಕ್ಕೆ ಸೋಲುತ್ತದೆ. ಕರೆಂಟು ಹೋದ ಕ್ಷಣವೇ ಯುಪಿಎಸ್ ಕೂಡ ಆರಿಹೋದರೆ ಇಡೀ ಯುಪಿಎಸ್ ಬಿಸಾಡಬೇಡಿ. ಬ್ಯಾಟರಿ ಮಾತ್ರ ಬದಲಿಸಿ. ಹಳೆಯದನ್ನು ಕೊಟ್ಟರೆ ಅಂಗಡಿಯವರು ಬೆಲೆಯಲ್ಲಿ ಒಂದಿಷ್ಟು ಇಳಿಸುತ್ತಾರೆ. ಹೊಸದರ ಮೇಲೆ ಅಚ್ಚಾದ ತಯಾರಿಕೆಯ ತಿಂಗಳನ್ನು ನೋಡಿಯೇ ತೆಗೆದುಕೊಳ್ಳಿ, ಏಕೆಂದರೆ ಕಪಾಟಿನಲ್ಲಿ ವರ್ಷ ಕಳೆದ ಲೆಡ್ ಬ್ಯಾಟರಿ ಹೊಸದಾಗಿದ್ದರೂ ಹಳೆಯದೇ. ಲೇಸರ್ ಪ್ರಿಂಟರನ್ನು ಯುಪಿಎಸ್‌ಗೆ ಚುಚ್ಚಬೇಡಿ. ಅದರೊಳಗಿನ ಹೀಟರ್ ಒಮ್ಮೆಲೇ ಎಳೆಯುವ ವಿದ್ಯುತ್ತಿಗೆ ಯುಪಿಎಸ್ ಓವರ್‌ಲೋಡ್ ಆಗಿ ಕಂಪ್ಯೂಟರನ್ನೂ ಜೊತೆಗೆ ಆರಿಸುತ್ತದೆ. ಮನೆಯಲ್ಲಿ ಇನ್‌ವರ್ಟರ್ ಇದ್ದರೆ ಅದರ ಹಿಂಬದಿಯಲ್ಲೋ ಮೆನುವಿನಲ್ಲೋ ‘ಯುಪಿಎಸ್ ಮೋಡ್’ ಎಂಬ ಆಯ್ಕೆ ಇದೆಯೇ ನೋಡಿ. ಅದನ್ನು ಹಾಕಿದರೆ ಬ್ಯಾಟರಿಗೆ ಬದಲಾಗುವ ವೇಗ ಹೆಚ್ಚುತ್ತದೆ, ಹೆಚ್ಚಿನ ಡೆಸ್ಕ್‌ಟಾಪ್‌ಗಳು ಆರದೆ ನಿಲ್ಲುತ್ತವೆ.

ಲ್ಯಾಪ್‌ಟಾಪ್ ಇರುವವರಿಗೆ ತೊಂದರೆ ಬೇರೆ. ಯಂತ್ರ ಓಡುತ್ತಿರುತ್ತದೆ, ಇಂಟರ್ನೆಟ್ ಸತ್ತಿರುತ್ತದೆ. ಇದಕ್ಕೆ ರೂಟರ್‌ಗೆಂದೇ ಬರುವ ಪುಟ್ಟ 12 ವೋಲ್ಟ್ ಯುಪಿಎಸ್ ಸಾಕು. ಕೊಳ್ಳುವ ಮೊದಲು ರೂಟರ್‌ನ ಅಡಾಪ್ಟರ್ ಮೇಲಿನ ಅಕ್ಷರ ಓದಿ: 12 ವೋಲ್ಟ್ 1 ಆಂಪಿಯರೋ, 2 ಆಂಪಿಯರೋ, ಅಥವಾ 9 ವೋಲ್ಟೋ? ಪಿನ್ನಿನ ಅಳತೆಯೂ ಮುಖ್ಯ. ಹೊರಗಿನ ಅಳತೆ 5.5 ಮಿ.ಮೀ. ಇದ್ದರೂ ಒಳಗಿನದು 2.1 ಇರಬಹುದು, 2.5 ಇರಬಹುದು. ತಪ್ಪು ಪಿನ್ ಒಳಗೆ ಹೋದಂತೆ ಕಂಡರೂ ಸಡಿಲವಾಗಿ ಕೂತು ರೂಟರ್ ಆಗಾಗ ರೀಸ್ಟಾರ್ಟ್ ಆಗುತ್ತದೆ. ಡಬ್ಬಿಯ ಮೇಲೆ 8000 ಎಂಎಎಚ್ ಎಂದಿದ್ದರೆ ಅದು 3.7 ವೋಲ್ಟಿನ ಲೆಕ್ಕ. ಅಂದರೆ ಹತ್ತಿರ ಹತ್ತಿರ 30 ವ್ಯಾಟ್-ಅವರ್. 8 ವ್ಯಾಟ್ ತಿನ್ನುವ ರೂಟರ್‌ಗೆ ಸುಮಾರು ಮೂರು ಗಂಟೆ. ಫೈಬರ್ ತಂದುಕೊಡುವ ಒಎನ್‌ಟಿ ಡಬ್ಬಿಯೂ ವೈಫೈ ರೂಟರೂ ಬೇರೆ ಬೇರೆಯಾಗಿದ್ದರೆ ಎರಡಕ್ಕೂ ಬೇಕು. ಎಷ್ಟೋ ಮನೆಗಳಲ್ಲಿ ರೂಟರ್‌ಗೆ ಮಾತ್ರ ಹಾಕಿ, ವೈಫೈ ಇದೆ, ನೆಟ್ ಯಾಕಿಲ್ಲ ಎಂದು ತಲೆ ಕೆಡಿಸಿಕೊಳ್ಳುತ್ತಾರೆ.

ಅರ್ಥಿಂಗ್ ಬಗ್ಗೆ ಬಾಡಿಗೆ ಮನೆಯವರು ಯೋಚಿಸುವುದೇ ಕಡಿಮೆ. ಚಾರ್ಜ್‌ಗೆ ಹಾಕಿದ ಲೋಹದ ಮೈಯ ಲ್ಯಾಪ್‌ಟಾಪ್ ಮುಟ್ಟಿದಾಗ ಕೈ ಜುಮ್ಮೆನ್ನುತ್ತದೆಯೇ? ಚಾರ್ಜರ್ ಮೂರು ಪಿನ್ನಿನದಾಗಿದ್ದರೆ ಸಾಕೆಟ್‌ನ ಮೂರನೆಯ ತೂತಿಗೆ ತಂತಿಯೇ ಬಂದಿಲ್ಲದಿರುವ ಸಂಭವ ಹೆಚ್ಚು. ಎಲೆಕ್ಟ್ರಿಷಿಯನ್ ಫೇಸ್ ಮತ್ತು ಅರ್ಥ್ ನಡುವೆ ಪರೀಕ್ಷೆಯ ಬಲ್ಬ್ ಹಿಡಿದರೆ ಅದು ಪೂರ್ತಿ ಉರಿಯಬೇಕು. ವಿದ್ಯುತ್ ಸೋರಿದರೆ ತಾನೇ ಕರೆಂಟು ಕಡಿಯುವ ಆರ್‌ಸಿಸಿಬಿ ಸ್ವಿಚ್ ಇರುವ ಮನೆಯಲ್ಲಿ ಹಾಗೆ ಹಿಡಿದೊಡನೆ ಅದು ಟ್ರಿಪ್ ಆಗುತ್ತದೆ. ಅದೂ ಅರ್ಥಿಂಗ್ ಇದೆ ಎಂಬುದರ ಗುರುತೇ. ಬಲ್ಬ್ ಮಿಣಮಿಣ ಎಂದರೆ ಅಥವಾ ಉರಿಯದೇ ಇದ್ದರೆ ವೋಲ್ಟೇಜ್ ಏಕಾಏಕಿ ಏರಿದಾಗ ಯಂತ್ರ ಕಾಯಲೆಂದು ನೀವು ಕೊಂಡ ಸ್ಪೈಕ್ ಗಾರ್ಡ್ ಅರ್ಧ ಕೆಲಸವನ್ನೂ ಮಾಡುತ್ತಿಲ್ಲ. ಸಿಡಿಲಿಗೆ ಮಾತ್ರ ಯಾವ ಸ್ಪೈಕ್ ಗಾರ್ಡೂ ಮದ್ದಲ್ಲ. ಗುಡುಗು ಹತ್ತಿರವಾದರೆ ಪ್ಲಗ್ ಕೀಳಿ, ಕಟ್ಟಡದ ಹೊರಗಿಂದ ಬರುವ ಲ್ಯಾನ್ ಕೇಬಲ್ ಇದ್ದರೆ ಅದನ್ನೂ ಕೀಳಿ.

ಇನ್ನು ಡಿಸ್ಕು. ‘ಲ್ಯಾಪ್‌ಟಾಪ್ ತುಂಬಾ ಸ್ಲೋ ಆಗಿದೆ, ಹೊಸದು ತಗೋಬೇಕು’ ಎನ್ನುವ ಹತ್ತು ಮನೆಗಳಲ್ಲಿ ಹೆಚ್ಚಿನವಕ್ಕೆ ಬೇಕಿರುವುದು ಎಸ್‌ಎಸ್‌ಡಿ, ಅಂದರೆ ತಿರುಗುವ ತಟ್ಟೆಯ ಬದಲು ಚಿಪ್‌ಗಳಲ್ಲಿ ಕಡತ ಇಡುವ ಡಿಸ್ಕ್. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆಯಿರಿ. ಏನೂ ಕೆಲಸ ಮಾಡದಿದ್ದಾಗಲೂ ಡಿಸ್ಕ್ ಎಂಬ ಸಾಲಿನಲ್ಲಿ 100% ತೋರಿಸುತ್ತಿದ್ದರೆ, ಪ್ರೊಸೆಸರ್ ಸಾಲಿನಲ್ಲಿ 10, 15 ಮಾತ್ರ ಇದ್ದರೆ, ಕಾರಣ ಅಲ್ಲೇ ಇದೆ. ತಿರುಗುವ ಹಾರ್ಡ್ ಡಿಸ್ಕ್ ಅಲ್ಲಲ್ಲಿ ಚದುರಿದ ಸಣ್ಣ ಕಡತಗಳನ್ನು ಸೆಕೆಂಡಿಗೆ ನೂರರ ಆಸುಪಾಸು ಸಲ ಮಾತ್ರ ಹುಡುಕಿ ಓದಬಲ್ಲದು. ಎಸ್‌ಎಸ್‌ಡಿ ಅದನ್ನು ಹತ್ತಾರು ಸಾವಿರ ಸಲ ಮಾಡುತ್ತದೆ. ವಿಂಡೋಸ್ ಅಪ್‌ಡೇಟ್, ಆಂಟಿವೈರಸ್, ಹುಡುಕಾಟದ ಇಂಡೆಕ್ಸ್ ಎಲ್ಲ ಒಟ್ಟಿಗೆ ಹಾರ್ಡ್ ಡಿಸ್ಕಿನ ಮೇಲೆ ಬಿದ್ದಾಗ ಮೌಸ್ ಕೂಡ ನಿಂತಂತಾಗುತ್ತದೆ.

ಬದಲಿಸುವ ಕ್ರಮ ಹೀಗೆ. ಮೊದಲು ನಿಮ್ಮ ಕಡತಗಳನ್ನು ಬೇರೆಡೆ ನಕಲು ಮಾಡಿ. ಇದನ್ನು ಬಿಟ್ಟು ಮುಂದಕ್ಕೆ ಹೋಗಬೇಡಿ. ಹಳೆಯ ಲ್ಯಾಪ್‌ಟಾಪ್‌ಗೆ 2.5 ಇಂಚಿನ ಸಾಟಾ ಎಸ್‌ಎಸ್‌ಡಿ ಬೇಕು. ಅದು 7 ಮಿ.ಮೀ. ದಪ್ಪ ಇರುತ್ತದೆ. ಹಳೆಯ ಡಿಸ್ಕ್ 9.5 ಮಿ.ಮೀ. ಇದ್ದರೆ ಅಂಟಿಸುವ ಪ್ಲಾಸ್ಟಿಕ್ ಪಟ್ಟಿಯೊಂದು ಬೇಕಾಗುತ್ತದೆ, ಇಲ್ಲವಾದರೆ ಒಳಗೆ ಅಲುಗಾಡಿ ಕನೆಕ್ಟರ್ ಸಡಿಲವಾಗುತ್ತದೆ. ಬೋರ್ಡಿಗೇ ಚುಚ್ಚುವ ಪಟ್ಟಿಯಂಥ ಎಸ್‌ಎಸ್‌ಡಿಗೆಂದು ಎಂ.2 ಸ್ಲಾಟ್ ಇರುವ ಯಂತ್ರವಾದರೆ ಅದು ಸಾಟಾ ಒಪ್ಪುತ್ತದೆಯೋ ಅದಕ್ಕಿಂತ ವೇಗದ ಎನ್‌ವಿಎಂಇ ಒಪ್ಪುತ್ತದೆಯೋ ಎಂದು ಮಾಡೆಲ್ ಸಂಖ್ಯೆ ಹಾಕಿ ಕಂಪನಿಯ ಕೈಪಿಡಿಯಲ್ಲೇ ನೋಡಿ. ಎರಡೂ ನೋಡಲು ಒಂದೇ ಥರದ ಸ್ಲಾಟ್, ಆದರೆ ಎರಡನ್ನೂ ಒಪ್ಪುವ ಸ್ಲಾಟ್ ಅಲ್ಲದಿದ್ದರೆ ಒಂದರ ಕೆಲಸ ಇನ್ನೊಂದರಲ್ಲಿ ನಡೆಯುವುದಿಲ್ಲ. ಹೊಸ ಡಿಸ್ಕನ್ನು ಯುಎಸ್‌ಬಿ ಕೇಸಿನಲ್ಲಿ ಹಾಕಿ ಕ್ಲೋನ್‌ಜಿಲ್ಲಾ ಎಂಬ ಉಚಿತ ತಂತ್ರಾಂಶದಿಂದ ಇದ್ದಂತೆಯೇ ನಕಲಿಸಬಹುದು. ಹೊಸದರ ಗಾತ್ರ ಹಳೆಯದಕ್ಕೆ ಸಮ ಅಥವಾ ಹೆಚ್ಚು ಇರಬೇಕು. ನನ್ನ ಒಲವು ಹೊಸದಾಗಿ ಇನ್‌ಸ್ಟಾಲ್ ಮಾಡುವ ಕಡೆಗೆ, ವರ್ಷಗಳ ಕಸ ಜೊತೆಗೆ ಬರುವುದಿಲ್ಲ. ಬಿಚ್ಚುವಾಗ ಚಾರ್ಜರ್ ತೆಗೆದು, ಬ್ಯಾಟರಿ ಕಳಚಿ, ಪವರ್ ಬಟನ್ ಹದಿನೈದು ಸೆಕೆಂಡು ಒತ್ತಿ ಹಿಡಿಯಿರಿ. ಹಿಂಬದಿಯ ರಬ್ಬರ್ ಪಾದಗಳ ಕೆಳಗೂ ಸ್ಕ್ರೂ ಅಡಗಿರುತ್ತವೆ. ಕವರ್ ಏಳದಿದ್ದರೆ ಬಲ ಹಾಕದೆ ಅಲ್ಲಿ ಹುಡುಕಿ. ಸ್ಕ್ರೂಗಳ ಉದ್ದ ಬೇರೆ ಬೇರೆ ಇರುತ್ತದೆ. ಉದ್ದದ್ದನ್ನು ಗಿಡ್ಡದರ ಜಾಗಕ್ಕೆ ತಿರುಗಿಸಿದರೆ ಕೈಯಿಡುವ ಜಾಗದಲ್ಲಿ ಗುಬಟು ಎದ್ದು ಬರುತ್ತದೆ, ಕೆಲವೊಮ್ಮೆ ಬೋರ್ಡನ್ನೇ ಒತ್ತುತ್ತದೆ.

ತೆರೆದಾಗಲೇ ಫ್ಯಾನಿನ ಧೂಳನ್ನೂ ತೆಗೆಯಿರಿ. ಮೆಟ್ರೊ ಕಾಮಗಾರಿ ನಡೆಯುವ ರಸ್ತೆಯ ಬದಿಯ ಮನೆಗಳಲ್ಲಿ ಹೀಟ್‌ಸಿಂಕಿನ ರೆಕ್ಕೆಗಳ ಮೇಲೆ ಕಂಬಳಿಯಂಥ ಪದರ ಕೂತಿರುತ್ತದೆ. ಬ್ಲೋವರ್ ಹಿಡಿಯುವಾಗ ಫ್ಯಾನ್ ತಿರುಗದಂತೆ ಒಂದು ಕಡ್ಡಿಯಿಂದ ತಡೆಯಿರಿ. ಗಾಳಿಯ ರಭಸಕ್ಕೆ ವಿಪರೀತ ಜೋರಾಗಿ ತಿರುಗಿದರೆ ಬೇರಿಂಗ್ ಹಾಳಾಗುತ್ತದೆ.

ರ‍್ಯಾಮ್ (ಕೆಲಸದ ಹೊತ್ತಿನ ತಾತ್ಕಾಲಿಕ ಮೆಮೊರಿ) ಇಂದಿನ ಬ್ರೌಸರ್‌ಗಳಿಗೆ 8 ಜಿಬಿಯಾದರೂ ಬೇಕು. ಹಳೆಯ ಲ್ಯಾಪ್‌ಟಾಪ್‌ಗಳಿಗೆ ಇದನ್ನು ಕೊಳ್ಳುವಾಗ ಡಿಡಿಆರ್3 ಮತ್ತು ಡಿಡಿಆರ್3ಎಲ್ ಎಂಬ ವ್ಯತ್ಯಾಸದಲ್ಲಿ ಜನ ಎಡವುತ್ತಾರೆ. ಮೊದಲನೆಯದು 1.5 ವೋಲ್ಟ್, ಎರಡನೆಯದು 1.35. ಎರಡಕ್ಕೂ 204 ಪಿನ್, ಕಚ್ಚೂ ಒಂದೇ ಕಡೆ. ಇಂಟೆಲ್ ನಾಲ್ಕನೇ ತಲೆಮಾರಿನ ನಂತರದ ಲ್ಯಾಪ್‌ಟಾಪ್‌ಗೆ 1.5 ವೋಲ್ಟಿನ ತುಂಡು ಹಾಕಿದರೆ ಸ್ಲಾಟ್‌ನಲ್ಲಿ ಅಂದವಾಗಿ ಕೂರುತ್ತದೆ, ಯಂತ್ರ ಮಾತ್ರ ಏಳುವುದಿಲ್ಲ. ಡಿಡಿಆರ್4ಗೆ 260 ಪಿನ್ ಇರುವುದರಿಂದ ಆ ಗೊಂದಲ ಇಲ್ಲ. ತೆಳ್ಳಗಿನ ಲ್ಯಾಪ್‌ಟಾಪ್‌ಗಳಲ್ಲಿ ರ‍್ಯಾಮ್ ಬೋರ್ಡಿಗೇ ಬೆಸೆದಿರುತ್ತದೆ. ಅಂಥದ್ದನ್ನು ಕೊಳ್ಳುವಾಗಲೇ 16 ಜಿಬಿ ಇರುವುದನ್ನು ಕೊಳ್ಳಿ.

ಇವೆಲ್ಲ ಸಿಗುವ ಜಾಗ ಬೆಂಗಳೂರಿನ ಎಸ್.ಪಿ. ರೋಡ್. ಟೌನ್ ಹಾಲ್ ಕಡೆಯಿಂದಾದರೂ ಬನ್ನಿ, ಕೆ.ಆರ್. ಮಾರುಕಟ್ಟೆ ಮೆಟ್ರೊ ನಿಲ್ದಾಣದಿಂದಾದರೂ ನಡೆದು ಬನ್ನಿ. ಭಾನುವಾರ ಹೆಚ್ಚಿನ ಬಾಗಿಲು ಮುಚ್ಚಿರುತ್ತದೆ. ಜಿಎಸ್‌ಟಿ ಬಿಲ್ ಕೇಳಿ, ಬಿಲ್ಲಿನ ಮೇಲೆ ಡಿಸ್ಕಿನ ಸೀರಿಯಲ್ ಸಂಖ್ಯೆ ಬರೆಸಿ. ವಾರಂಟಿ ಕೊಡುವುದು ಕಂಪನಿಯ ಸರ್ವಿಸ್ ಸೆಂಟರ್, ಅವರು ನೋಡುವುದು ಅದನ್ನೇ. ನಂಬಲಾಗದಷ್ಟು ಅಗ್ಗಕ್ಕೆ ‘2 ಟಿಬಿ’ ಎಂದು ಕೊಡುವ ಪೆನ್‌ಡ್ರೈವ್, ಎಕ್ಸ್‌ಟರ್ನಲ್ ಎಸ್‌ಎಸ್‌ಡಿಗಳಿಂದ ದೂರ ಇರಿ. ಇವುಗಳಲ್ಲಿ ಎಷ್ಟೋ ಒಳಗಿನ ಚಿಪ್ ಸುಳ್ಳು ಗಾತ್ರ ಹೇಳುವಂತೆ ತಿದ್ದಿದವು. ನಿಜವಾಗಿ ಇರುವುದು 32 ಜಿಬಿ ಆದರೆ ಅಷ್ಟು ತುಂಬಿದ ಮೇಲೆ ಹೊಸ ಕಡತ ಹಳೆಯದರ ಮೇಲೆ ಸದ್ದಿಲ್ಲದೆ ಬರೆಯುತ್ತಾ ಹೋಗುತ್ತದೆ. ಹೆಸರುಗಳೆಲ್ಲ ಕಾಣುತ್ತವೆ, ಫೋಟೊ ತೆರೆಯುವುದಿಲ್ಲ. ಹೊಸ ಡ್ರೈವ್ ತಂದ ದಿನವೇ ಎಚ್2ಟೆಸ್ಟ್‌ಡಬ್ಲ್ಯು ಎಂಬ ಉಚಿತ ತಂತ್ರಾಂಶದಿಂದ ಪೂರ್ತಿ ಬರೆದು ಓದಿಸಿ. ಗಂಟೆಗಳೇ ಹಿಡಿಯಬಹುದು, ಹಿಡಿಯಲಿ.

ಈ ಊರಿನ ಒಂದು ಅನುಕೂಲ ಎಂದರೆ ಕಂಪನಿಗಳು ಮೂರು, ನಾಲ್ಕು ವರ್ಷ ಬಳಸಿ ಬಿಟ್ಟ ಲ್ಯಾಪ್‌ಟಾಪ್‌ಗಳು. ಥಿಂಕ್‌ಪ್ಯಾಡ್, ಲ್ಯಾಟಿಟ್ಯೂಡ್, ಎಲೀಟ್‌ಬುಕ್ ಸಾಲಿನವು ಬಿಚ್ಚಲು ಸುಲಭ, ಬಿಡಿಭಾಗ ಸಿಗುತ್ತವೆ, ಕೀಬೋರ್ಡ್ ಗಟ್ಟಿ. ಅದೇ ದುಡ್ಡಿಗೆ ಬರುವ ಹೊಸ ಅಗ್ಗದ ಲ್ಯಾಪ್‌ಟಾಪಿಗಿಂತ ಇವನ್ನೇ ನಾನು ಹೇಳುವುದು. ಇಂಟೆಲ್ ಆದರೆ ಎಂಟನೇ ತಲೆಮಾರಿಗಿಂತ ಕೆಳಗೆ ಇಳಿಯಬೇಡಿ. ಐ5-7200ಯು ಎರಡು ಕೋರ್‌ನದು, ಐ5-8250ಯು ನಾಲ್ಕು ಕೋರ್‌ನದು. ಆ ಒಂದು ವರ್ಷದಲ್ಲಿ ಆದ ಜಿಗಿತ ದೊಡ್ಡದು. ವಿಂಡೋಸ್ 11 ಒಪ್ಪುವುದೂ ಅಲ್ಲಿಂದಲೇ. ಅಂಗಡಿಯಲ್ಲೇ ಎರಡು ಪರೀಕ್ಷೆ ಮಾಡಿ. ಒಂದು, ವಿಂಡೋಸ್ ಏಳುವ ಮೊದಲೇ ತೆರೆಯುವ ಯಂತ್ರದ ಮೂಲ ಸೆಟ್ಟಿಂಗ್ಸ್ ಆದ ಬಯೋಸ್‌ಗೆ ಹೋಗಿ, ಪಾಸ್‌ವರ್ಡ್ ಕೇಳಿದರೆ ವಾಪಸ್ ಇಡಿ. ಎರಡು, ವಿಂಡೋಸ್ ರೀಸೆಟ್ ಮಾಡಿಸಿ, ಮೊದಲ ಸೆಟಪ್ ವೇಳೆ ನಿಮ್ಮ ಫೋನಿನ ಹಾಟ್‌ಸ್ಪಾಟ್ ಜೋಡಿಸಿ. ಯಾವುದಾದರೂ ಕಂಪನಿಯ ಹೆಸರು ಬಂದು ಆಫೀಸ್ ಇಮೇಲ್ ಕೇಳಿದರೆ ಆ ಯಂತ್ರ ಇನ್ನೂ ಆ ಕಂಪನಿ ದೂರದಿಂದಲೇ ನಿರ್ವಹಿಸುವ ಯಂತ್ರಗಳ ಆಟೋಪೈಲಟ್ ಪಟ್ಟಿಯಲ್ಲಿದೆ ಎಂದರ್ಥ. ಇಂಟರ್ನೆಟ್ ಇಲ್ಲದೆ ಸೆಟಪ್ ಮುಗಿಸಿ ಕೊಟ್ಟರೆ ಇದು ಕಾಣುವುದಿಲ್ಲ. ಮುಂದೊಂದು ದಿನ ರೀಸೆಟ್ ಮಾಡಿದಾಗ ಎದುರಾಗುತ್ತದೆ. ಡಿಸ್ಕಿನ ಆರೋಗ್ಯಕ್ಕೆ ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಓಡಿಸಿ. ಹಾರ್ಡ್ ಡಿಸ್ಕ್ ಆದರೆ ರೀಅಲೊಕೇಟೆಡ್ ಮತ್ತು ಪೆಂಡಿಂಗ್ ಸೆಕ್ಟರ್ ಎಂಬ ಎರಡೂ ಸಾಲು ಸೊನ್ನೆ ಇರಬೇಕು.

ಎಂಟನೇ ತಲೆಮಾರಿಗಿಂತ ಹಳೆಯ ಯಂತ್ರ ಮನೆಯಲ್ಲಿ ಈಗಾಗಲೇ ಇದೆ ಎನ್ನುವವರು ಅದನ್ನು ಗುಜರಿಗೆ ಹಾಕಬೇಕಿಲ್ಲ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ನೋಂದಾಯಿಸಿಕೊಂಡ ಮನೆಬಳಕೆದಾರರಿಗೆ ಭದ್ರತೆಯ ಅಪ್‌ಡೇಟ್ 2026ರ ಅಕ್ಟೋಬರ್ 13ರವರೆಗೆ ಮಾತ್ರ. ಅಂಥ ಯಂತ್ರಕ್ಕೆ ನನ್ನ ಆಯ್ಕೆ ವಿಂಡೋಸ್ ಬದಲಿಗೆ ಹಾಕಬಹುದಾದ ಉಚಿತ ಕಾರ್ಯಾಚರಣಾ ವ್ಯವಸ್ಥೆ ಲಿನಕ್ಸ್ ಮಿಂಟ್. 22ನೇ ಆವೃತ್ತಿಗೆ 2029ರವರೆಗೆ ಅಪ್‌ಡೇಟ್ ಇದೆ. 4 ಜಿಬಿ ರ‍್ಯಾಮ್ ಇದ್ದರೆ ಎಕ್ಸ್‌ಎಫ್‌ಸಿಇ ಆವೃತ್ತಿ, 8 ಇದ್ದರೆ ಸಿನಮನ್. 8 ಜಿಬಿ ಪೆನ್‌ಡ್ರೈವ್‌ಗೆ ಅದರಿಂದಲೇ ಯಂತ್ರ ಏಳಿಸುವ ವೆಂಟಾಯ್ ತಂತ್ರಾಂಶ ಹಾಕಿ, ಮಿಂಟ್‌ನ ಐಎಸ್‌ಒ ಕಡತವನ್ನು ಅದರೊಳಗೆ ಸುಮ್ಮನೆ ಕಾಪಿ ಮಾಡಿದರೆ ಆಯಿತು. ಡೆಲ್, ಲೆನೊವೊದಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9 ಒತ್ತಿದರೆ ಯಾವುದರಿಂದ ಏಳಬೇಕೆಂದು ಕೇಳುವ ಬೂಟ್ ಮೆನು. ಇನ್‌ಸ್ಟಾಲ್ ಮಾಡುವ ಮೊದಲು ಪೆನ್‌ಡ್ರೈವ್‌ನಿಂದ ಲೈವ್ ಆಗಿಯೇ ಅರ್ಧ ಗಂಟೆ ಬಳಸಿ ನೋಡಿ: ವೈಫೈ, ಧ್ವನಿ, ಕ್ಯಾಮೆರಾ, ಮುಚ್ಚಳ ಹಾಕಿ ತೆರೆದರೆ ಏಳುತ್ತದೆಯೇ. ವೈಫೈ ಕಾಣದಿದ್ದರೆ ಫೋನನ್ನು ಕೇಬಲ್‌ನಲ್ಲಿ ಜೋಡಿಸಿ ಯುಎಸ್‌ಬಿ ಟೆಥರಿಂಗ್ ಮಾಡಿ, ಡ್ರೈವರ್ ಮ್ಯಾನೇಜರ್ ತೆರೆಯಿರಿ. ಬೇಕಾದ ಡ್ರೈವರನ್ನು ಬಹುಮಟ್ಟಿಗೆ ಅದೇ ಹುಡುಕಿ ಕೊಡುತ್ತದೆ. ಟ್ಯಾಲಿ, ಡಿಜಿಟಲ್ ಸಹಿಯ ಡಿಎಸ್‌ಸಿ ಟೋಕನ್, ಮಕ್ಕಳ ಆನ್‌ಲೈನ್ ಪರೀಕ್ಷೆಯ ತಂತ್ರಾಂಶ ಇವುಗಳಲ್ಲಿ ಒಂದು ಇದ್ದರೂ ವಿಂಡೋಸ್‌ನಲ್ಲೇ ಇರುವುದು ಲೇಸು.

ವೈಫೈ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸಂಪರ್ಕ ಕೊಡುವವರು ಕೇಬಲ್ ಉಳಿಸಲು ಬಾಗಿಲ ಹತ್ತಿರವೇ ಡಬ್ಬಿ ಹೊಡೆಯುತ್ತಾರೆ. ಹಾಲ್ ನಡುವಿಗೆ ತರಲು ಆಗಲೇ ಹೇಳಿ. ಅಪಾರ್ಟ್‌ಮೆಂಟ್‌ನಲ್ಲಿ 2.4 ಗಿಗಾಹರ್ಟ್ಸ್‌ನಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು 1, 6, 11 ಮಾತ್ರ. ಟಿವಿ ಮತ್ತು ಲ್ಯಾಪ್‌ಟಾಪನ್ನು 5 ಗಿಗಾಹರ್ಟ್ಸ್‌ಗೆ ಹಾಕಿ. ಪ್ರಿಂಟರ್ ವಿಚಾರವೂ ಅಷ್ಟೇ: ತಿಂಗಳಿಗೆ ನಾಲ್ಕು ಹಾಳೆ ತೆಗೆಯುವ ಮನೆಗೆ ಕಪ್ಪುಬಿಳುಪು ಲೇಸರ್. ಇಂಕ್ ಟ್ಯಾಂಕ್ ಇದ್ದರೆ ವಾರಕ್ಕೊಂದು ಬಣ್ಣದ ಪುಟ ತೆಗೆಯುತ್ತಿರಬೇಕು, ಇಲ್ಲದಿದ್ದರೆ ಹೆಡ್‌ನಲ್ಲಿ ಶಾಯಿ ಒಣಗಿ ಗೆರೆ ಬೀಳುತ್ತದೆ.

ಬ್ಯಾಕಪ್ ಎಂದರೆ ಗೂಗಲ್ ಡ್ರೈವ್‌ನಲ್ಲಿದೆ ಎಂದು ಎಷ್ಟೋ ಜನ ನೆಮ್ಮದಿಯಾಗಿರುತ್ತಾರೆ. ಅದು ಸಿಂಕ್. ಇಲ್ಲಿ ಅಳಿಸಿದ್ದು ಅಲ್ಲೂ ಅಳಿಯುತ್ತದೆ. ಉಚಿತ 15 ಜಿಬಿಯಲ್ಲಿ ಜಿಮೇಲ್ ಕೂಡ ಸೇರಿದೆ, 2021ರ ಜೂನ್ 1ರಿಂದ ಗೂಗಲ್ ಫೋಟೊಸ್‌ಗೆ ಹಾಕುವುದೂ ಅದೇ ಲೆಕ್ಕಕ್ಕೆ ಬರುತ್ತದೆ. ಮೂರು ನಕಲು, ಎರಡು ಬಗೆಯ ಸಾಧನ, ಒಂದು ಮನೆಯಿಂದ ಹೊರಗೆ ಎಂಬ ಹಳೆಯ ನಿಯಮವೇ ಸರಿ. ಕಂಪ್ಯೂಟರ್‌ನಲ್ಲಿ ಒಂದು, ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್‌ನಲ್ಲಿ ಒಂದು, ಊರಿನ ಮನೆಯಲ್ಲೋ ಅಕ್ಕನ ಮನೆಯಲ್ಲೋ ಇನ್ನೊಂದು ಡಿಸ್ಕ್. ಬೀರುವಿನಲ್ಲಿ ವರ್ಷಗಟ್ಟಲೆ ಇಡಲು ಹಾರ್ಡ್ ಡಿಸ್ಕೇ ಆಗಬೇಕು. ಎಸ್‌ಎಸ್‌ಡಿ ಕರೆಂಟು ಕಾಣದೆ ಬಹಳ ಕಾಲ ಇದ್ದರೆ ಅದರ ಕೋಶಗಳ ಚಾರ್ಜ್ ಸೋರುತ್ತದೆ.

ತಂತ್ರಾಂಶಕ್ಕೆ ಫ್ರೀಫೈಲ್‌ಸಿಂಕ್ ಹೇಳುತ್ತೇನೆ, ಆದರೆ ಒಂದು ಎಚ್ಚರ. ಅದರಲ್ಲಿ ‘ಮಿರರ್’ ಆರಿಸಿದರೆ ಮೂಲದಲ್ಲಿ ಅಳಿಸಿದ್ದು ಬ್ಯಾಕಪ್‌ನಲ್ಲೂ ಅಳಿಯುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಅಳಿಸುವ ವಿಧಾನ ‘ವರ್ಷನಿಂಗ್’ ಎಂದು ಬದಲಿಸಿ, ಅದಕ್ಕೊಂದು ಫೋಲ್ಡರ್ ತೋರಿಸಿ. ಆಗ ಅಳಿಸಿದ, ತಿದ್ದಿದ ಕಡತಗಳ ಹಳೆಯ ರೂಪ ಅಲ್ಲಿ ಉಳಿಯುತ್ತದೆ. ನಕಲು ಮುಗಿದ ಕೂಡಲೇ ಡಿಸ್ಕ್ ಕಳಚಿ ಇಡಿ. ಸದಾ ಚುಚ್ಚಿಕೊಂಡೇ ಇರುವ ಡಿಸ್ಕನ್ನು ಕಡತಗಳಿಗೆ ಬೀಗ ಹಾಕಿ ದುಡ್ಡು ಕೇಳುವ ರ‍್ಯಾನ್ಸಮ್‌ವೇರ್ ಕೂಡ ತಲುಪುತ್ತದೆ. ವರ್ಷಕ್ಕೊಮ್ಮೆಯಾದರೂ ಬ್ಯಾಕಪ್‌ನಿಂದ ಹತ್ತು ಫೋಟೊ ತೆರೆದು ನೋಡಿ.

ಹೊಸ ವಿಂಡೋಸ್ 11 ಯಂತ್ರಗಳಲ್ಲಿ ಇನ್ನೊಂದು ಅಪಾಯ ಇದೆ. ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದಾಗ ಎಷ್ಟೋ ಯಂತ್ರಗಳಲ್ಲಿ ಡಿಸ್ಕ್ ತಾನಾಗಿಯೇ ಎನ್‌ಕ್ರಿಪ್ಟ್ ಆಗಿರುತ್ತದೆ, ಅಂದರೆ ಕೀ ಇಲ್ಲದೆ ಓದಲಾಗದಂತೆ ಬೀಗ ಬಿದ್ದಿರುತ್ತದೆ, ಮನೆಯವರಿಗೆ ಗೊತ್ತೇ ಇರುವುದಿಲ್ಲ. ಮದರ್‌ಬೋರ್ಡ್ ಬದಲಾದರೆ, ಬಯೋಸ್ ಅಪ್‌ಡೇಟ್ ಆದರೆ ನೀಲಿ ಪರದೆ ಬಂದು 48 ಅಂಕಿಯ ಬಿಟ್‌ಲಾಕರ್ ಕೀ ಕೇಳಬಹುದು. ಅದಿಲ್ಲದೆ ಯಾವ ರಿಕವರಿ ಅಂಗಡಿಯೂ ಏನೂ ಮಾಡಲಾಗದು. ಇವತ್ತೇ ಮೈಕ್ರೋಸಾಫ್ಟ್ ಖಾತೆಯ ಸಾಧನಗಳ ಪುಟದಲ್ಲಿ ಆ ಕೀ ಹುಡುಕಿ, ಕಾಗದದ ಮೇಲೆ ಮುದ್ರಿಸಿ, ಮನೆಯ ಪತ್ರಗಳ ಜೊತೆ ಇಡಿ. ಸೆಟಪ್ ವೇಳೆ ಅಂಗಡಿಯವರು ತಮ್ಮದೇ ಇಮೇಲ್ ಹಾಕಿ ಕೊಟ್ಟಿದ್ದರೆ ಕೀ ಅವರ ಖಾತೆಯಲ್ಲಿರುತ್ತದೆ. ಹಾಗಿದ್ದಲ್ಲಿ ಈಗಲೇ ಎನ್‌ಕ್ರಿಪ್ಷನ್ ಆಫ್ ಮಾಡಿ, ನಿಮ್ಮ ಖಾತೆಯಿಂದ ಮತ್ತೆ ಶುರು ಮಾಡಿ. ಪಾಸ್‌ವರ್ಡ್‌ಗಳನ್ನು ನೆನಪಿಡುವ ತಂತ್ರಾಂಶವಾಗಿ ಬಿಟ್‌ವಾರ್ಡನ್, ಮೋಡದಲ್ಲಿ ಇಡುವುದೇ ಬೇಡ ಎನ್ನುವವರಿಗೆ ಕೀಪಾಸ್‌ಎಕ್ಸ್‌ಸಿ. ಬ್ರೌಸರ್ ಫೈರ್‌ಫಾಕ್ಸ್, ಅದರ ಮೇಲೆ ಜಾಹೀರಾತು ತಡೆಯುವ ಯುಬ್ಲಾಕ್ ಒರಿಜಿನ್. ಕ್ರೋಮ್‌ನಲ್ಲಿ ಈಗ ಅದರ ಲೈಟ್ ರೂಪ ಮಾತ್ರ ನಡೆಯುತ್ತದೆ. ಹಿರಿಯರು ಬಳಸುವ ಯಂತ್ರದಲ್ಲಿ ‘ನಿಮ್ಮ ಕಂಪ್ಯೂಟರ್‌ಗೆ ವೈರಸ್ ಬಂದಿದೆ, ಈ ನಂಬರ್‌ಗೆ ಕರೆ ಮಾಡಿ’ ಎಂಬ ಪುಟಗಳು ಬರುವುದೇ ಜಾಹೀರಾತುಗಳ ಮೂಲಕ, ಹಾಗಾಗಿ ಇದು ಭದ್ರತೆಯ ಸಾಧನವೂ ಹೌದು. ದುಡ್ಡು ಹೋಯಿತೆಂದು ಗೊತ್ತಾದ ಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು ಎಂಬ ಚೀಟಿ ಮಾನಿಟರ್ ಪಕ್ಕ ಅಂಟಿಸಿಡಿ.

ಇನ್ನು ಕನ್ನಡ. ನಮ್ಮ ಮನೆಗಳ ಕಂಪ್ಯೂಟರ್‌ಗಳಲ್ಲಿ ಕದ್ದು ಹೋಗದೆ, ಡಿಸ್ಕ್ ಕೆಡದೆಯೂ ಕಳೆದುಹೋಗುತ್ತಿರುವುದು ಏನಾದರೂ ಇದ್ದರೆ ಅದು ಹಳೆಯ ಆಸ್ಕಿ ಫಾಂಟುಗಳಲ್ಲಿ ಟೈಪ್ ಮಾಡಿದ ಬರಹ. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ತುಣುಕು ಆಕಾರಗಳನ್ನು ಕೂರಿಸಿದ್ದವು. ಫಾಂಟು ಇದ್ದರೆ ಕನ್ನಡ, ಇಲ್ಲದಿದ್ದರೆ ಕಲಸುಮೇಲೋಗರ. ಹುಡುಕಲು ಆಗದು, ಅಕಾರಾದಿ ಜೋಡಿಸಲು ಆಗದು, ದೃಷ್ಟಿ ಇಲ್ಲದವರಿಗೆ ಓದಿ ಹೇಳುವ ಎನ್‌ವಿಡಿಎ ಅದನ್ನು ಓದಲಾರದು. ಆ ಕಾಲಕ್ಕೆ ಅದು ಬೇಕಿತ್ತು, ಆ ತಂತ್ರಾಂಶ ಕಟ್ಟಿದವರ ಉಪಕಾರ ದೊಡ್ಡದು. ಈಗ ಉಳಿಯುವುದು ಪ್ರತಿ ಭಾಷೆಯ ಅಕ್ಷರಕ್ಕೂ ಅದರದ್ದೇ ಸಂಕೇತ ಕೊಡುವ ಯೂನಿಕೋಡ್.

ಹಳೆಯ ಕಡತಗಳನ್ನು ಪರಿವರ್ತಿಸಲು ಅರವಿಂದ ವಿ.ಕೆ. ಅವರು ಮಾಡಿ ಮುಕ್ತವಾಗಿ ಬಿಟ್ಟಿರುವ ಆಸ್ಕಿ–ಯೂನಿಕೋಡ್ ಪರಿವರ್ತಕ ಜಾಲತಾಣದಲ್ಲೇ ಕೆಲಸ ಮಾಡುತ್ತದೆ. ಪಠ್ಯವನ್ನು ನಕಲಿಸಿ ಅಲ್ಲಿ ಅಂಟಿಸಿ, ಬಂದದ್ದನ್ನು ಹೊಸ ಕಡತದಲ್ಲಿ ಉಳಿಸಿ. ತಪ್ಪು ಬರುವ ಜಾಗಗಳು ಗೊತ್ತಿರಲಿ. ನಡುವೆ ಇದ್ದ ಇಂಗ್ಲಿಷ್ ಪದ, ಇಮೇಲ್ ವಿಳಾಸಗಳೂ ಕನ್ನಡವೆಂದೇ ಭಾವಿಸಿ ಅರ್ಥವಿಲ್ಲದ ಅಕ್ಷರಗಳಾಗುತ್ತವೆ. ಅವನ್ನು ಮೊದಲೇ ತೆಗೆದಿಟ್ಟು ಕೊನೆಗೆ ಸೇರಿಸಿ. ಆಸ್ಕಿಯಲ್ಲಿ ಅರ್ಕಾವತ್ತಿನ ಗುರುತು ಅಕ್ಷರದ ನಂತರ ಬರುತ್ತಿತ್ತು, ಯೂನಿಕೋಡ್‌ನಲ್ಲಿ ರಕಾರ ಮೊದಲು. ‘ಧರ್ಮ’, ‘ಸೂರ್ಯ’ದಂಥ ಪದಗಳ ಮೇಲೆ ಒಮ್ಮೆ ಕಣ್ಣು ಹಾಯಿಸಿ. ಕೋಷ್ಟಕಗಳ ಮನೆಗಳು ಕಲಸಿಹೋಗುತ್ತವೆ, ಕಂಬ ಕಂಬವಾಗಿ ನಕಲಿಸಿ. ಮೂಲ ಕಡತವನ್ನೂ ಅದರ ಫಾಂಟನ್ನೂ ಅಳಿಸದೆ ಒಂದು ಫೋಲ್ಡರ್‌ನಲ್ಲಿ ಇಡಿ.

ಹೊಸದಾಗಿ ಟೈಪ್ ಮಾಡುವವರಿಗೆ ಏನೂ ಇಳಿಸಿಕೊಳ್ಳುವ ಅಗತ್ಯವಿಲ್ಲ. ವಿಂಡೋಸ್ ಸೆಟ್ಟಿಂಗ್ಸ್‌ನ ಭಾಷೆಯ ಪುಟದಲ್ಲಿ ಕನ್ನಡ ಸೇರಿಸಿ, ಅದರ ಆಯ್ಕೆಗಳಲ್ಲಿ ಫೋನೆಟಿಕ್ ಕೀಬೋರ್ಡ್ ಆರಿಸಿ. ವಿಂಡೋಸ್ ಕೀ ಜೊತೆ ಸ್ಪೇಸ್ ಒತ್ತಿದರೆ ಭಾಷೆ ಬದಲಾಗುತ್ತದೆ. ನಿತ್ಯ ಬರೆಯುವವರಿಗೆ ಕೆ.ಪಿ. ರಾವ್ ಕೀಲಿಮಣೆ ವಿನ್ಯಾಸವನ್ನೇ ಹೇಳುತ್ತೇನೆ, ನುಡಿಯಲ್ಲಿರುವುದು ಅದೇ. ಒತ್ತಕ್ಷರಕ್ಕೆ ಎಫ್ ಕೀಲಿ, ಟ-ಡಗಳಿಗೆ ಕ್ಯೂ ಮತ್ತು ಡಬ್ಲ್ಯು. ‘ಕನ್ನಡ’ ಎಂದು ಬರೆಯಲು ಕೆ, ಎನ್, ಎಫ್, ಎನ್, ಡಬ್ಲ್ಯು: ಐದೇ ಬಡಿತ, ಊಹೆಯ ಪಟ್ಟಿಯಿಂದ ಆರಿಸುವ ಕೆಲಸ ಇಲ್ಲ. ಲಿನಕ್ಸ್‌ನಲ್ಲಿ ಭಾರತೀಯ ಭಾಷೆಗಳ ಟೈಪಿಂಗ್‌ಗೆ ಬೇಕಾದ ಐಬಸ್ ಮತ್ತು ಎಂ17ಎನ್ ಪ್ಯಾಕೇಜ್ ಹಾಕಿ, ಲಾಗ್ ಔಟ್ ಆಗಿ ಬಂದರೆ ಪಟ್ಟಿಯಲ್ಲಿ ಕೆಜಿಪಿ ಎಂಬ ಹೆಸರಲ್ಲಿ ಅದೇ ವಿನ್ಯಾಸ ಸಿಗುತ್ತದೆ. ‘ಸಾಫ್ಟ್‌ವೇರ್’ ಎಂಬ ಪದದಲ್ಲಿ ಟಕಾರಕ್ಕೆ ವಕಾರ ಒತ್ತಾಗಿ ಅಂಟಿ ‘ಸಾಫ್ಟ್ವೇರ್’ ಆಗುತ್ತದಲ್ಲ, ಅದನ್ನು ಬಿಡಿಸುವುದು ನಡುವೆ ಕೂರುವ, ಕಣ್ಣಿಗೆ ಕಾಣದ ಒಂದು ಅಕ್ಷರ. ನಿಮ್ಮ ಕೀಬೋರ್ಡ್‌ನಲ್ಲಿ ಅದು ಯಾವ ಕೀಲಿಯಲ್ಲಿದೆ ಎಂದು ಮೊದಲ ದಿನವೇ ತಿಳಿದುಕೊಳ್ಳಿ. ಒಂದೇ ಕಡತದಲ್ಲಿ ಎರಡೂ ರೀತಿ ಬರೆದರೆ ಹುಡುಕಿದಾಗ ಅರ್ಧ ಮಾತ್ರ ಸಿಗುತ್ತದೆ.

ಲಿಬ್ರೆಆಫೀಸ್‌ನಲ್ಲಿ ‘ಫಾಂಟ್ ಬದಲಿಸಿದರೂ ಕನ್ನಡ ಬದಲಾಗುತ್ತಿಲ್ಲ’ ಎನ್ನುವ ದೂರು ಸಾಮಾನ್ಯ. ಆಪ್ಷನ್ಸ್‌ನ ಭಾಷೆಯ ವಿಭಾಗದಲ್ಲಿ ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್ ಗುರುತು ಹಾಕಿ, ಅದಕ್ಕೆ ಕನ್ನಡ ಆರಿಸಿ. ಆಮೇಲೆ ಅಕ್ಷರದ ಕಿಟಕಿಯಲ್ಲಿ ಇಂಗ್ಲಿಷ್‌ಗೊಂದು, ಕನ್ನಡಕ್ಕೊಂದು ಫಾಂಟ್ ಬೇರೆ ಬೇರೆ ಕಾಣುತ್ತದೆ. ವರ್ಡ್‌ನಲ್ಲೂ ಇದೇ ವ್ಯವಸ್ಥೆ. ಉದ್ದ ಬರಹಕ್ಕೆ ನೋಟೊ ಸೆರಿಫ್ ಕನ್ನಡ ಕಣ್ಣಿಗೆ ಹಿತ.

ಹಳೆಯ ಪುಸ್ತಕದ ಪುಟಗಳನ್ನು ಪಠ್ಯವಾಗಿಸಲು 300 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ, ಗೂಗಲ್ ಡ್ರೈವ್‌ಗೆ ಹಾಕಿ, ಬಲಕ್ಲಿಕ್ಕಿಸಿ ಗೂಗಲ್ ಡಾಕ್ಸ್‌ನಲ್ಲಿ ತೆರೆಯಿರಿ. ಮನೆಯ ಪತ್ರಗಳನ್ನು ಹೊರಗೆ ಕಳಿಸಲು ಮನಸ್ಸಿಲ್ಲದವರು ಚಿತ್ರದಿಂದ ಪಠ್ಯ ಓದುವ ಟೆಸೆರಾಕ್ಟ್ ತಂತ್ರಾಂಶದ ಕನ್ನಡ ದತ್ತಾಂಶ ಹಾಕಿಕೊಂಡು ಜಿಇಮೇಜ್‌ರೀಡರ್‌ನಲ್ಲಿ ಓಡಿಸಬಹುದು. ಫಲಿತಾಂಶದಲ್ಲಿ ಮೊದಲು ನೋಡಬೇಕಾದದ್ದು ಅನುಸ್ವಾರ. ಕನ್ನಡದ ಸೊನ್ನೆ ‘೦’ ಮತ್ತು ಅನುಸ್ವಾರ ನೋಡಲು ಒಂದೇ, ಕಂಪ್ಯೂಟರ್‌ಗೆ ಬೇರೆ ಬೇರೆ. ಸೊನ್ನೆಯನ್ನು ಹುಡುಕಿ, ಅಂಕಿಗಳ ನಡುವೆ ಇಲ್ಲದ್ದನ್ನೆಲ್ಲ ಬದಲಿಸಿ. ನಂತರ ಪ-ಷ ಮತ್ತು ಸವೆದ ಅಚ್ಚಿನ ಒತ್ತಕ್ಷರಗಳು. ಪದದ ಬಗ್ಗೆ ಸಂಶಯ ಬಂದರೆ ‘ಅಲರ್’ ತೆರೆಯಿರಿ. ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಕೂತು ಕಟ್ಟಿದ ಕನ್ನಡ–ಇಂಗ್ಲಿಷ್ ನಿಘಂಟು ಅದು. ಒಂದೂವರೆ ಲಕ್ಷ ಪದಗಳು 2019ರಿಂದ ಯಾರು ಬೇಕಾದರೂ ಬಳಸುವಂತೆ ಮುಕ್ತವಾಗಿವೆ.

ಹೀಗೆ ಸಿದ್ಧವಾದ ಬರಹವನ್ನು ಪಿಡಿಎಫ್ ಮಾಡಿದ ಮೇಲೂ ಮೂಲ ಕಡತ ಇಟ್ಟುಕೊಳ್ಳಿ. ಪಿಡಿಎಫ್ ಒಳಗೆ ಇರುವುದು ಅಕ್ಷರಗಳ ಆಕಾರ. ಕನ್ನಡವನ್ನು ಅದರಿಂದ ಮರಳಿ ನಕಲಿಸಿದರೆ ಒತ್ತು, ಗುಣಿತಗಳು ಹಲವು ಸಲ ಜಾಗ ತಪ್ಪುತ್ತವೆ. ಲಗ್ನಪತ್ರಿಕೆಗೋ ಪುಸ್ತಕಕ್ಕೋ ಪ್ರೆಸ್‌ಗೆ ಕೊಟ್ಟಾಗ ‘ಯೂನಿಕೋಡ್ ನಮ್ಮಲ್ಲಿ ಒಡೆಯುತ್ತೆ, ನುಡಿಯಲ್ಲಿ ಕೊಡಿ’ ಎಂದರೆ ಅವರ ಪುಟ ಕಟ್ಟುವ ತಂತ್ರಾಂಶ ಇನ್‌ಡಿಸೈನ್‌ನ ಪ್ಯಾರಾಗ್ರಾಫ್ ಮೆನುವಿನಲ್ಲಿ ‘ವರ್ಲ್ಡ್-ರೆಡಿ ಕಂಪೋಸರ್’ ಆರಿಸಲು ಹೇಳಿ. ಅದಕ್ಕಿಂತ ಹಳೆಯ ಪೇಜ್‌ಮೇಕರ್‌ನಲ್ಲೇ ಇರುವ ಪ್ರೆಸ್ ಆದರೆ ನೀವೇ ಪುಟ ಕಟ್ಟಿ, ಫಾಂಟ್ ಸೇರಿಸಿದ ಪಿಡಿಎಫ್ ಕೊಡಿ. ಅವರು ಅದನ್ನು ಚಿತ್ರದಂತೆಯೇ ಪ್ಲೇಟಿಗೆ ತೆಗೆದುಕೊಳ್ಳುತ್ತಾರೆ.